ಬೊಜ್ಜು ಪಾಪವೇ?

ಬೊಜ್ಜು ರೋಗವೋ, ನಡತೆಯ ದೋಷವೋ ಎಂಬ ಪ್ರಶ್ನೆಗೆ ವೈದ್ಯರ ಉತ್ತರ ಒಂದು, ಜನರದು ಇನ್ನೊಂದು. ಅಮೆರಿಕದ ವೈದ್ಯಕೀಯ ಸಂಘ 2013ರಲ್ಲೇ ಅದನ್ನು ರೋಗವೆಂದು ಒಪ್ಪಿಕೊಂಡಿತು. ಆದರೆ ಮದುವೆಯ ಪಂಕ್ತಿಯಲ್ಲಿ ದಪ್ಪಗಿರುವವನು ಎರಡನೇ ಹೋಳಿಗೆ ಹಾಕಿಸಿಕೊಂಡರೆ ಅಕ್ಕಪಕ್ಕದವರಿಗೆ ಕಾಣುವುದು ರೋಗಿಯಲ್ಲ, ಬಾಯಿಚಪಲದವನು. ಅದೇ ಸಾಲಿನಲ್ಲಿ ಕೂತ ಸಣಕಲು ದೇಹದವನು ನಾಲ್ಕು ಹೋಳಿಗೆ ಮುಗಿಸಿದರೆ 'ಪುಣ್ಯವಂತ, ತಿಂದದ್ದೆಲ್ಲ ಕರಗುತ್ತೆ' ಎಂಬ ಮೆಚ್ಚುಗೆ. ಎಷ್ಟು ತಿಂದರು ಎಂಬುದನ್ನು ಬಿಟ್ಟು ಮೈ ಹೇಗಿದೆ ಎಂಬುದರ ಮೇಲೆ ಕೊಡುವ ಈ ತೀರ್ಪಿಗೆ ಧರ್ಮದ ಬೆಂಬಲವಿದೆ ಎಂದು ಅನೇಕರು ನಂಬಿದ್ದಾರೆ. ಶಾಸ್ತ್ರಗಳನ್ನು ತೆರೆದು ನೋಡಿದರೆ ಆ ಬೆಂಬಲ ಸಿಗುವುದಿಲ್ಲ.

ಅತಿಯಾಗಿ ಉಣ್ಣುವುದನ್ನು ಹೊಗಳಿದ ಧರ್ಮ ಯಾವುದೂ ಇಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ತಿನ್ನುವವನಿಗೂ ಏನೂ ತಿನ್ನದವನಿಗೂ ಯೋಗ ದಕ್ಕದು ಎನ್ನುತ್ತದೆ. ಹೊಟ್ಟೆಯ ಮೂರನೇ ಒಂದು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಮಾತು ಪ್ರವಾದಿ ಮುಹಮ್ಮದರದೆಂದು ಹದೀಸ್‌ನಲ್ಲಿದೆ. ಜೈನರ ಆರು ಬಾಹ್ಯ ತಪಸ್ಸುಗಳಲ್ಲಿ ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ ಒಂದು. ಕ್ರೈಸ್ತರಲ್ಲಿ ಹೊಟ್ಟೆಬಾಕತನ ಏಳು ಮಹಾಪಾಪಗಳ ಸಾಲಿಗೆ ಸೇರಿದೆ. ಆರನೆಯ ಶತಮಾನದಲ್ಲಿ ಪೋಪ್ ಗ್ರೆಗರಿ ಆ ಪಾಪಕ್ಕೆ ಐದು ದಾರಿಗಳನ್ನು ಹೇಳಿದ: ಹೊತ್ತಿಗೆ ಮೊದಲೇ ತಿನ್ನುವುದು, ದುಬಾರಿಯದನ್ನೇ ಬಯಸುವುದು, ರುಚಿಗಾಗಿ ಅತಿ ನಾಜೂಕು ಮಾಡುವುದು, ಹೆಚ್ಚು ತಿನ್ನುವುದು, ಆತುರದಿಂದ ಮುಕ್ಕುವುದು. ಐದರಲ್ಲಿ ಪ್ರಮಾಣಕ್ಕೆ ಸಂಬಂಧಿಸಿದ್ದು ಒಂದೇ. ದೇಹದ ಗಾತ್ರದ ಸುದ್ದಿಯೇ ಇಲ್ಲ. ಗ್ರೆಗರಿಯ ಲೆಕ್ಕದಲ್ಲಿ, ಕಾಫಿಗೆ ಇಂಥ ಎಸ್ಟೇಟಿನ ಬೀಜವೇ ಆಗಬೇಕೆಂದು ಹಟ ಹಿಡಿಯುವ ತೆಳ್ಳನೆಯ ರಸಿಕನೂ ಪಾಪಿಯೇ.

ಈ ವಿಷಯದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಸಂಗ ಸಿಗುವುದು ಬೌದ್ಧರ ಸಂಯುತ್ತ ನಿಕಾಯದಲ್ಲಿ. ಕೋಸಲದ ರಾಜ ಪ್ರಸೇನಜಿತನದು ದ್ರೋಣ ಅಳತೆಯ ಅಕ್ಕಿಯ ಅನ್ನ. ಒಂದು ದಿನ ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದು ಕೂತ. ಬುದ್ಧ ಗದರಲಿಲ್ಲ, ರಾಜನ ಹೊಟ್ಟೆಯ ಮಾತೆತ್ತಲೂ ಇಲ್ಲ. ಎಚ್ಚರದಿಂದ, ಅಳತೆಯರಿತು ಉಣ್ಣುವವನ ನೋವು ಕಡಿಮೆಯಾಗುತ್ತದೆ, ಮುಪ್ಪು ನಿಧಾನವಾಗಿ ಬರುತ್ತದೆ ಎಂಬ ಅರ್ಥದ ನಾಲ್ಕು ಸಾಲು ಹೇಳಿದ. ರಾಜ ಮಾಡಿದ್ದು ಇನ್ನೂ ಸ್ವಾರಸ್ಯದ ಕೆಲಸ. ಹಿಂದೆ ನಿಂತಿದ್ದ ಸುದರ್ಶನನೆಂಬ ತರುಣನಿಗೆ ಆ ಸಾಲುಗಳನ್ನು ಕಲಿಯಲು ಹೇಳಿ, ಊಟಕ್ಕೆ ಕೂತಾಗಲೆಲ್ಲ ಅವನ್ನು ಹೇಳುವುದಕ್ಕೆ ದಿನಕ್ಕೆ ನೂರು ಕಹಾಪಣ ನಾಣ್ಯ ಗೊತ್ತುಮಾಡಿದ. ಬರಬರುತ್ತ ಊಟ ನಾಳಿಕೆ ಎಂಬ ಸಣ್ಣ ಅಳತೆಗೆ ಇಳಿಯಿತು, ಮೈ ಹಗುರಾಯಿತು. ಸಂಕಲ್ಪವೊಂದೇ ಸಾಲದೆಂದು ರಾಜನಿಗೆ ಗೊತ್ತಿತ್ತು. ತಟ್ಟೆಯ ಎದುರಿನ ವಾತಾವರಣವನ್ನೇ ಅವನು ಬದಲಿಸಿಕೊಂಡ. ಅದಕ್ಕೆ ಬೇಕಾದ ಹಣ ಅವನಲ್ಲಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆಯುರ್ವೇದ ಬೊಜ್ಜಿನ ಪ್ರಶ್ನೆಯನ್ನು ಪಾಪಪುಣ್ಯದ ಹಾದಿಯಿಂದ ಮೊದಲೇ ಆಚೆಗೆ ತಂದಿತ್ತು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಜನ ನಿಂದಿಸುವ ಎಂಟು ಬಗೆಯ ದೇಹಗಳನ್ನು ಹೆಸರಿಸುತ್ತದೆ. ಅತಿ ಉದ್ದ, ಅತಿ ಗಿಡ್ಡ, ಅತಿ ಕಪ್ಪು, ಅತಿ ಬಿಳುಪಿನವರೂ ಅದರಲ್ಲಿದ್ದಾರೆ. ಎಂಟರಲ್ಲಿ ಅತಿ ದಪ್ಪ, ಅತಿ ತೆಳು ಎರಡನ್ನು ಮಾತ್ರ ಚರಕ ಚಿಕಿತ್ಸೆಗೆ ಎತ್ತಿಕೊಳ್ಳುತ್ತಾನೆ. ಸ್ಥೌಲ್ಯಕ್ಕೆ, ಅಂದರೆ ಬೊಜ್ಜಿಗೆ, ಅವನು ಕೊಡುವ ಕಾರಣಗಳು: ಅತಿಯಾದ ಊಟ, ಜಿಡ್ಡು ಮತ್ತು ಸಿಹಿ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ, ಚಿಂತೆಯಿಲ್ಲದ ಬದುಕು, ಕೊನೆಗೆ ಬೀಜಸ್ವಭಾವ, ಅಂದರೆ ತಂದೆತಾಯಿಗಳಿಂದ ಬಂದದ್ದು. ಚಿಂತೆಯಿಲ್ಲದವರಿಗೆ ಬೊಜ್ಜು ಬರುತ್ತದೆ ಎಂಬ ಮಾತನ್ನು ಇಂದಿನ ಬೆಂಗಳೂರಿನ ಟೆಕ್ಕಿಗಳು ಒಪ್ಪಲಾರರು. ಆದರೆ ಬೀಜಸ್ವಭಾವದ ಮಾತನ್ನು ವಿಜ್ಞಾನ ಒಪ್ಪಿದೆ. ಅವಳಿಗಳ ಅಧ್ಯಯನಗಳ ಪ್ರಕಾರ ತೂಕದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ 40ರಿಂದ 70ರಷ್ಟು ಅನುವಂಶೀಯ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಗುರುತಿಸಿದ ಲೆಪ್ಟಿನ್ ಹಾರ್ಮೋನು ಕೊಬ್ಬಿನ ಕೋಶಗಳಲ್ಲಿ ಹುಟ್ಟಿ, ಮೈಯಲ್ಲಿ ದಾಸ್ತಾನು ಎಷ್ಟಿದೆ ಎಂದು ಮೆದುಳಿಗೆ ತಿಳಿಸುತ್ತದೆ. ಹುಟ್ಟಿನಿಂದಲೇ ಅದಿಲ್ಲದ ಮಕ್ಕಳು ಎಷ್ಟು ತಿಂದರೂ ಹಸಿದೇ ಇರುತ್ತಾರೆ. ಅಂಥ ಮಗುವಿಗೆ ಸಂಯಮ ಬೋಧಿಸುವುದು ಕ್ರೌರ್ಯ.

ಹಾಗೆಂದು ಎಲ್ಲವನ್ನೂ ಹಣೆಬರಹಕ್ಕೆ ಬಿಡುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜಿತ್ತು. ವಯಸ್ಕರಲ್ಲಿ ಅದು 1990ರಿಂದೀಚೆಗೆ ಎರಡು ಪಟ್ಟಿಗೂ ಹೆಚ್ಚಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜಿರುವ ಮಹಿಳೆಯರು 2015-16ರಲ್ಲಿ ಶೇ 23ರಷ್ಟಿದ್ದರು, 2019-21ರಲ್ಲಿ ಶೇ 30. ಅದೇ ಸಮೀಕ್ಷೆಯಲ್ಲಿ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆಯೂ ಇದೆ. ಹೊಟ್ಟೆ ತುಂಬುತ್ತಿದೆ, ಪೋಷಣೆ ಸಿಗುತ್ತಿಲ್ಲ. ಬೊಜ್ಜಿನ ಬೆನ್ನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಮಂಡಿಯ ಸವೆತ, ಕೊಬ್ಬು ತುಂಬಿದ ಯಕೃತ್ತು, ಹಲವು ಬಗೆಯ ಕ್ಯಾನ್ಸರ್ ಬರುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದಿತು.

ಒಂದು ತಲೆಮಾರಿನೊಳಗೆ ವಂಶವಾಹಿ ಬದಲಾಗುವುದಿಲ್ಲ. ಅದೇ ಅವಧಿಯಲ್ಲಿ ಮನುಷ್ಯಕುಲದ ಸಂಯಮ ಅರ್ಧಕ್ಕೆ ಕುಸಿಯಿತು ಎನ್ನಲೂ ಆಧಾರವಿಲ್ಲ. ಬದಲಾದದ್ದು ಸುತ್ತಲಿನ ಜಗತ್ತು: ಅಂಗಡಿಯ ಬಾಗಿಲಲ್ಲಿ ತೂಗುವ ಐದು ರೂಪಾಯಿಯ ಚಿಪ್ಸ್ ಪೊಟ್ಟಣ, ಅಗ್ಗದ ತಾಳೆ ಎಣ್ಣೆ, ಕೂತು ಮಾಡುವ ಕೆಲಸ, ನಡೆಯಲು ಜಾಗವಿಲ್ಲದ ರಸ್ತೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ (ಎನ್‌ಐಎಚ್) ಸಂಶೋಧಕ ಕೆವಿನ್ ಹಾಲ್ 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ನಡೆಸಿದ, 2019ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ಮುಖ್ಯ. ಬೇಕಾದಷ್ಟು ತಿನ್ನಲು ಬಿಟ್ಟಾಗ, ಅತಿಯಾಗಿ ಸಂಸ್ಕರಿಸಿದ ಆಹಾರದ ಎರಡು ವಾರಗಳಲ್ಲಿ ಅವರು, ಸಂಸ್ಕರಿಸದ ಆಹಾರದ ಎರಡು ವಾರಗಳಿಗಿಂತ, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಜನ ಅವರೇ, ಅವರ ಸ್ವಭಾವವೂ ಅದೇ, ಬೇರೆಯಾಗಿದ್ದದ್ದು ತಟ್ಟೆ.

ಧಾರ್ಮಿಕ ಆಚರಣೆಯೂ ಸುತ್ತಲಿನ ಜಗತ್ತಿನ ಈ ಒತ್ತಡದಿಂದ ಹೊರಗುಳಿದಿಲ್ಲ. ಏಕಾದಶಿಯ ಒಪ್ಪತ್ತು ಅನೇಕ ಮನೆಗಳಲ್ಲಿ ತುಪ್ಪ ಬೆರೆತ ಉಪ್ಪಿಟ್ಟು, ಸಾಬೂದಾನಿ ವಡೆಗಳ ಫಲಾಹಾರವಾಗಿದೆ. ಅನ್ನವೊಂದನ್ನು ಬಿಟ್ಟು ಉಳಿದದ್ದೆಲ್ಲ ಉಂಟು. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವ ಉಪಚಾರ, ಎಲೆಯಲ್ಲಿ ಬಿಡಬಾರದೆಂಬ ಕಟ್ಟಳೆ, ಇವೆರಡೂ ಅನ್ನದ ಬರಗಾಲದಲ್ಲಿ ಹುಟ್ಟಿದ ಸದ್ಗುಣಗಳು. ಹಸಿದವರಿಗೆ ಅವು ಇಂದಿಗೂ ಸಲ್ಲುತ್ತವೆ, ಹೊಟ್ಟೆ ತುಂಬಿದವರಿಗಲ್ಲ.

ಇತ್ತೀಚಿನ ಔಷಧಿಗಳು ಹೊಸದೊಂದು ತೊಡಕು ತಂದಿವೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಹಸಿವನ್ನೇ ತಣಿಸುತ್ತವೆ. 2025ರಲ್ಲಿ ಅವು ತೂಕ ಇಳಿಸುವ ಮದ್ದಾಗಿ ಭಾರತದ ಮಾರುಕಟ್ಟೆಗೂ ಬಂದವು. ಔಷಧಿಯಿಂದ ಬಂದ ಮಿತಾಹಾರ ಮಿತಾಹಾರವೇ? ಸಾಧಕನ ದೃಷ್ಟಿಯಲ್ಲಿ ಅಲ್ಲ, ಏಕೆಂದರೆ ಅವನಿಗೆ ಊಟ ಕಡಿಮೆಯಾಗುವುದಕ್ಕಿಂತ ಮನಸ್ಸು ಪಳಗುವುದು ಮುಖ್ಯ. ರೋಗಿಯ ದೃಷ್ಟಿಯಲ್ಲಿ ಪ್ರಶ್ನೆಯೇ ಅಸಂಗತ. ರಕ್ತದೊತ್ತಡಕ್ಕೆ ಗುಳಿಗೆ ನುಂಗುವವನ ಶೀಲವನ್ನು ಯಾರೂ ಪ್ರಶ್ನಿಸುವುದಿಲ್ಲ. ಮದ್ದು ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಹಸಿವಿನ ಮೇಲೆ ಇಚ್ಛೆಯ ಹಿಡಿತ ಎಷ್ಟು ದುರ್ಬಲ ಎಂಬುದಕ್ಕೆ ಇದೇ ಸಾಕ್ಷಿ.

ಅಳತೆಯರಿತು ಉಣ್ಣುವುದು ತನಗೆ ತಾನೇ ಹಾಕಿಕೊಳ್ಳುವ ನಿಯಮವಾಗಿ ಇಂದಿಗೂ ಸರಿ. ಅದನ್ನು ಇನ್ನೊಬ್ಬರ ಮೈ ಅಳೆಯಲು ಬಳಸಿದಾಗ ಆಗುವುದು ಕೆಡುಕೇ: ಅವಮಾನಕ್ಕೆ ಅಂಜಿದವರು ವೈದ್ಯರ ಬಳಿ ಹೋಗುವುದನ್ನೇ ಮುಂದೂಡುತ್ತಾರೆ. ಹೊಣೆಯ ದೊಡ್ಡ ಪಾಲು ತಿನ್ನುವವನಿಗಿಂತ ಮಾರುವವನ ಮೇಲೆ, ಮಾರಲು ಬಿಟ್ಟ ಸರ್ಕಾರದ ಮೇಲೆ ಇದೆ. ಆ ಹೊಣೆ ಹೊರುವುದು ಅಸಾಧ್ಯವೂ ಅಲ್ಲ. ಮೆಕ್ಸಿಕೊ 2014ರಿಂದ ಸಿಹಿ ಪಾನೀಯಗಳಿಗೆ ತೆರಿಗೆ ಹಾಕುತ್ತಿದೆ. ಚಿಲಿ ದೇಶದಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಖದ ಮೇಲೆ 2016ರಿಂದ ಕಪ್ಪು ಎಚ್ಚರಿಕೆಯ ಗುರುತು ಕಡ್ಡಾಯ. ಭಾರತದಲ್ಲಿ ಪೊಟ್ಟಣದ ಮುಂಭಾಗದ ಗುರುತಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕರಡು ನಿಯಮ ಪ್ರಕಟಿಸಿದ್ದು 2022ರಲ್ಲಿ. ಅದರಲ್ಲಿ ಇದ್ದದ್ದು ಎಚ್ಚರಿಕೆಯ ಮುದ್ರೆಯಲ್ಲ, ನಕ್ಷತ್ರಗಳ ಶ್ರೇಣಿ.