ಕೈಗಡದ ಕೀರ್ತಿ

2023ನೆಯ ಇಸವಿಯ ಏಪ್ರಿಲ್ 19ರಂದು ಶಿಗ್ಗಾಂವಿಯಲ್ಲಿ ನೆರೆದ ಜನ ಯಾರನ್ನು ನೋಡಲು ಬಂದಿದ್ದರು? ಅಂದು ನಾಮಪತ್ರ ಸಲ್ಲಿಸಿದವರು ಆಗಿನ ಮುಖ್ಯಮಂತ್ರಿ ಶ್ರೀ ಬಸವರಾಜ ಬೊಮ್ಮಾಯಿಯವರು. 2008ರಿಂದ ಆ ಕ್ಷೇತ್ರದ ಶಾಸಕರಾಗಿದ್ದ ಅವರು ಶಿಗ್ಗಾಂವಿಗಾಗಲಿ ಸವಣೂರಿಗಾಗಲಿ ಹೊಸಬರೇನೂ ಅಲ್ಲ. ಅವರ ಮುಖ ನೋಡಲು ಯಾರೂ ಹೊಲದ ಕೆಲಸ ಬಿಟ್ಟು ಬರಬೇಕಾಗಿರಲಿಲ್ಲ. ಅವರ ಪಕ್ಷದ ರಾಷ್ಟ್ರಾಧ್ಯಕ್ಷರೂ ಜೊತೆಗಿದ್ದರು. ಆದರೆ ಅವರಿಬ್ಬರ ಬಳಿ ಇನ್ನೊಬ್ಬರು ನಿಂತಿದ್ದರು: ಚಿತ್ರನಟ ಶ್ರೀ ಸುದೀಪ್. ಹುಡುಗರ ಕಣ್ಣು ಎತ್ತ ನೆಟ್ಟಿದ್ದಿತೆಂದು ಹೇಳಲು ಜ್ಯೋತಿಷ ಕಲಿಯಬೇಕಾಗಿಲ್ಲ.

ಅದಕ್ಕೆ ಎರಡು ವಾರ ಮೊದಲು, ಏಪ್ರಿಲ್ 5ರಂದು, ಬೆಂಗಳೂರಿನಲ್ಲಿ ಸುದೀಪರು ತಮ್ಮ ಬೆಂಬಲವನ್ನು ಸಾರಿದ್ದರು. ತಾವು ಚುನಾವಣೆಗೆ ನಿಲ್ಲುವುದಿಲ್ಲ. ಕಷ್ಟದ ದಿನಗಳಲ್ಲಿ ತಮ್ಮ ಕೈ ಹಿಡಿದವರಿಗೆ ಈಗ ತಾವು ಜೊತೆಯಾಗುತ್ತೇವೆ. ಇದು ವ್ಯಕ್ತಿಗೆ ಕೊಟ್ಟ ಬೆಂಬಲವೇ ಹೊರತು ಪಕ್ಷಕ್ಕಲ್ಲ—ಅವರ ಮಾತಿನ ಸಾರಾಂಶ ಇಷ್ಟು. ಬೊಮ್ಮಾಯಿಯವರನ್ನು ಅವರು ಕರೆಯುವುದೇ ‘ಮಾಮ’ ಎಂದು. ಕೇಳಿದ ಒಂದು ಪಾಲು ಜನ ಹಿಗ್ಗಿದರು, ಇನ್ನೊಂದು ಪಾಲು ಸಿಟ್ಟಾದರು. ನಟ ಶ್ರೀ ಪ್ರಕಾಶ್ ರಾಜ್ ತಮಗೆ ಆಘಾತವಾಯಿತೆಂದರು. ಮತದಾನ ಮುಗಿಯುವವರೆಗೆ ಸುದೀಪರ ಚಿತ್ರಗಳನ್ನು ತಡೆಹಿಡಿಯಬೇಕೆಂದು ಚುನಾವಣಾ ಆಯೋಗಕ್ಕೆ ಅರ್ಜಿಗಳು ಹೋದವು. ಮುಂದಿನ ವರ್ಷ, 2024ರಲ್ಲಿ, ಶ್ರೀಮತಿ ಗೀತಾ ಶಿವರಾಜಕುಮಾರರು ಶಿವಮೊಗ್ಗದಿಂದ ಲೋಕಸಭೆಗೆ ಸ್ಪರ್ಧಿಸಿ ಅವರ ಪತಿ ನಟ ಶಿವರಾಜಕುಮಾರರು ಪ್ರಚಾರಕ್ಕೆ ಇಳಿದಾಗ ಅದೇ ಬೇಡಿಕೆ ಎದುರು ಪಕ್ಷದ ಕಡೆಯಿಂದ ಬಂದಿತು. ಬಾಯಿ ಬದಲಾಗಿತ್ತು, ಮಾತು ಅದೇ ಇತ್ತು.

ಈ ಬೇಡಿಕೆಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ನಟನಿಗೂ ಒಂದು ಮತವಿದೆ. ಮತವಿದ್ದವನಿಗೆ ಒಲವೂ ಇರುತ್ತದೆ, ಒಲವಿದ್ದವನು ಅದನ್ನು ಆಡಿ ತೋರಿಸಿದರೆ ಅಪರಾಧವಲ್ಲ. ಒಬ್ಬನ ಒಲವು ನಮಗೆ ರುಚಿಸಲಿಲ್ಲವೆಂದು ನೂರು ಜನ ದುಡಿದು ತೆಗೆದ ಚಿತ್ರವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡೆಂಬುದು ಅತ್ತೆಯ ಮೇಲಿನ ಸಿಟ್ಟನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ವೇದಿಕೆ ಹತ್ತಿದ ನಟ ಅಭ್ಯರ್ಥಿಗೆ ಕೊಡುವುದು ಏನನ್ನು? ತನ್ನ ಒಂದು ಮತವನ್ನಂತೂ ಅಲ್ಲ; ಅಷ್ಟಕ್ಕೇ ಯಾರೂ ಮೆರವಣಿಗೆ ಮಾಡುವುದಿಲ್ಲ. ಅವನು ಕೊಡುವುದು ತನ್ನ ಕೀರ್ತಿಯನ್ನು. ಆ ಕೀರ್ತಿ ಪೂರ್ತಿಯಾಗಿ ಅವನದೆಯೆ?

ನಮ್ಮ ಹಾವೇರಿಗೆ ಬಂದ ದೊಡ್ಡವರ ಕೊರಳಿಗೆ ಯಾಲಕ್ಕಿಯ ಹಾರ ಬೀಳುವುದು ವಾಡಿಕೆ. ಹೊರಗಿನವರು ಅದನ್ನು ಕಂಡು ಇಲ್ಲಿ ಯಾಲಕ್ಕಿ ತೋಟಗಳಿರಬೇಕೆಂದು ತಿಳಿಯುತ್ತಾರೆ. ಯಾಲಕ್ಕಿ ಬೆಳೆಯುವುದು ಘಟ್ಟದ ಮಳೆಕಾಡಿನಲ್ಲಿ. ಹಾವೇರಿಯ ಕೈ ಮಾಡುವುದು ಪೋಣಿಸುವ ಕೆಲಸ. ಕೀರ್ತಿಯೂ ಹೀಗೆ ಎಲ್ಲಿಯೋ ಬೆಳೆದು ಬಂದ ಸರಕು. ನಟನ ಪರಿಶ್ರಮ, ಪ್ರತಿಭೆ ಸುಳ್ಳಲ್ಲ. ಆದರೆ ಅವನ ಹೆಸರಿಗೆ ಬೆಲೆ ತಂದವರು ಟಿಕೆಟ್ಟಿಗೆಂದು ದುಡ್ಡು ಕೂಡಿಟ್ಟ ಹುಡುಗರು, ಮನೆಯವರ ಕಣ್ಣು ತಪ್ಪಿಸಿ ಎರಡನೆಯ ಆಟಕ್ಕೆ ಹೋದವರು. ಅವರು ಅದನ್ನು ಅವನ ಕೈಯಲ್ಲಿ ಇಟ್ಟದ್ದು ಅಳಿಸಿದ್ದಕ್ಕೆ, ನಗಿಸಿದ್ದಕ್ಕೆ. ಅದು ಒಂದು ಬಗೆಯ ಕೈಗಡ. ಕೈಗಡಕ್ಕೆ ಕಾಗದಪತ್ರ ಇರುವುದಿಲ್ಲ, ನಂಬಿಗೆ ಒಂದೇ. ಬೀಜಕ್ಕೆಂದು ಇಸಿದುಕೊಂಡ ದುಡ್ಡಿನಲ್ಲಿ ಮಗಳ ಮದುವೆ ಮಾಡಿದರೆ ಊರಲ್ಲಿ ಯಾರೂ ಅದನ್ನು ಕಳವು ಎನ್ನುವುದಿಲ್ಲ. ಆದರೆ ‘ನಮಗೊಂದು ಮಾತು ಹೇಳಬಾರದಾಗಿತ್ತೇ’ ಎಂದು ಕೊಟ್ಟವನು ಕೇಳದೆ ಬಿಡುವುದೂ ಇಲ್ಲ. ಅಭಿಮಾನಿಗಳ ಸಿಟ್ಟಿನ ಬುಡದಲ್ಲಿ ಇರುವುದು ಈ ಕೇಳದೆ ಉಳಿದ ಪ್ರಶ್ನೆ ಎಂದು ನನಗೆ ತೋರುತ್ತದೆ.

‘ವ್ಯಕ್ತಿಗೆ, ಪಕ್ಷಕ್ಕಲ್ಲ’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಉಪಕಾರ ಸ್ಮರಣೆ ದೊಡ್ಡ ಗುಣ. ಅದನ್ನು ಹಳಿಯುವ ಮನಸ್ಸು ಯಾರಿಗೂ ಬಾರದು. ಆದರೆ ಇಬ್ಬರ ನಡುವಿನ ಋಣವನ್ನು ಮೂರನೆಯವರ ಗಂಟಿನಿಂದ ತೀರಿಸಿದಾಗ ಅದು ಹಳೆಯ ಗುಣವಾಗಿಯೇ ಉಳಿಯುತ್ತದೆಯೆ? ಶಿಗ್ಗಾಂವಿಯ ರೈತನಿಗೆ ಆ ಹಳೆಯ ಕಷ್ಟದ ದಿನಗಳ ಸಂಬಂಧವೇನು? ಮೇಲಾಗಿ, ನಮ್ಮ ಶಾಸನ ಸಭೆಗಳಲ್ಲಿ ‘ವ್ಯಕ್ತಿ’ ಎಂಬುವನು ಉಳಿದಿರುವುದು ಅಷ್ಟಕ್ಕಷ್ಟೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿದಂದಿನಿಂದ ಶಾಸಕನು ಪಕ್ಷದ ವಿಪ್ಪನ್ನು ಮೀರಿ ಮತ ಹಾಕಿದರೆ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಒಳ್ಳೆಯವನೆಂದು ಆರಿಸಿದ ಮನುಷ್ಯ ಸಭೆಯಲ್ಲಿ ಕೈಯೆತ್ತುವುದು ಪಕ್ಷ ಹೇಳಿದ ಹೊತ್ತಿಗೆ. ನಟನಿಗೆ ಇದು ತಿಳಿಯದಿರಬಹುದು. ಅವನನ್ನು ಕರೆತಂದವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಬಂಕಾಪುರದ ಚಹದಂಗಡಿಯಲ್ಲಿ ಒಬ್ಬ ಹಿರಿಯರು ಈ ವಿಷಯದಲ್ಲಿ ಆಡಿದ ಮಾತು ನನ್ನ ಈ ಎಲ್ಲ ತರ್ಕಕ್ಕಿಂತ ನೇರವಾಗಿತ್ತು. “ಅಂವ ಬಂದದ್ದು ಚಲೋನ ಆತ್ರೀ. ನಮ್ಮ ಮೊಮ್ಮಗ ಭಾಳ ಖುಷಿಪಟ್ಟ. ಆದ್ರ ನಾಳೆ ಪಂಪಿಗೆ ಕರೆಂಟು ಬರಲಿಲ್ಲಂದ್ರ ಅಂವನ ಮನಿ ಎಲ್ಲೈತಿ ಅಂತ ಹುಡುಕ್ಕೋತ ಹೋಗ್ಲಿ?” ಎಂದರು. ಮಾತಾಡಿದವನನ್ನು ಮರಳಿ ಕೇಳಬಹುದಾದರೆ ಅದು ಅಭಿಪ್ರಾಯ. ಕೇಳಲು ಸಿಗದೆ ಹೋದರೆ, ಅದು ಬರಿಯ ದರ್ಶನ.

ವೇದಿಕೆಗೆ ಹೆಸರು, ದನಿ ಬೇಕೇ ಹೊರತು ಅದರ ಹಿಂದಿನ ಮನುಷ್ಯ ಬೇಡವೆಂಬುದು ಹೊಸ ಸಂಗತಿಯೇನೂ ಅಲ್ಲ. 1924ರ ಡಿಸೆಂಬರಿನಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನೆರೆದಾಗ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಒಬ್ಬಳಿದ್ದಳು. ಮುಂದೆ ತನ್ನ ಮನೆತನದ ಊರಿನ ಹೆಸರನ್ನು ದೇಶದ ತುಂಬ ಕೇಳಿಸಿದ ಗಂಗೂಬಾಯಿ ಹಾನಗಲ್ಲರೇ ಆಕೆ. ಆ ದಿನ ತಮ್ಮ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಇಳಿವಯಸ್ಸಿನಲ್ಲಿ ಅವರೇ ನೆನೆದಿದ್ದಾರೆ: ಹಾಡಿನ ಸಂತೋಷಕ್ಕಿಂತ ಹೆಚ್ಚಾಗಿ, ಎಲ್ಲರ ಊಟವಾದ ಮೇಲೆ ತನ್ನನ್ನು ಎಂಜಲು ಬಳಿಯಲು ಹಚ್ಚುವರೇನೋ ಎಂಬ ಅಂಜಿಕೆ. ಹುಟ್ಟಿದ ಜಾತಿಯ ಕಾರಣಕ್ಕೆ ಬಂದ ಅಂಜಿಕೆ ಅದು. ಸ್ವಾತಂತ್ರ್ಯದ ಮಾತಾಡುತ್ತಿದ್ದ ಆ ದೊಡ್ಡ ಚಪ್ಪರದಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಬೇಕಾಗಿದ್ದ ರಾಜಕೀಯದ ಮಾತು ಆ ಬಾಲಕಿಯ ಹೊಟ್ಟೆಯಲ್ಲಿಯೇ ಉಳಿಯಿತು. ಸಭೆ ಕೇಳಿದ್ದು ಆಕೆಯ ಕಂಠವನ್ನು.

ಇದಕ್ಕೆ ಎದುರಾಗಿ ಸವಣೂರಿನ ಕಡೆಯಿಂದ ಒಂದು ಉದಾಹರಣೆ ಏಳುತ್ತದೆ. ಅದು ನನ್ನ ವಾದಕ್ಕೆ ಸುಲಭವಾಗಿ ಒಗ್ಗುವಂಥದೂ ಅಲ್ಲ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ನವಾಬರ ಸವಣೂರಿನಲ್ಲಿ. ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂಬ ಅವರ ಸಮಿತಿಯ ವರದಿ 1981ರಲ್ಲಿ ಸರಕಾರದ ಕೈ ಸೇರಿತು. ವರದಿಯನ್ನು ಓದಿದವರೆಷ್ಟು ಜನ? ಸಾಹಿತಿಗಳು ಸಭೆ ನಡೆಸಿದರು, ಧರಣಿ ಕೂತರು, ಸರಕಾರ ಜಗ್ಗಲಿಲ್ಲ. 1982ರಲ್ಲಿ ಡಾ. ರಾಜಕುಮಾರರು ಬಂದು ನಿಂತೊಡನೆ ಊರಿಗೆ ಊರೇ ಬೀದಿಗೆ ಇಳಿಯಿತು. ಆ ಜನಸಾಗರದಲ್ಲಿ ಅವರನ್ನು ಮರಳಿ ಪ್ರಶ್ನಿಸುವುದು ಯಾರಿಗೆ ಸಾಧ್ಯವಿತ್ತು? ಅದೇ ಸವಣೂರಿನಲ್ಲಿ ಮನೆಯೊಳಗೆ ಉರ್ದು ಮಾತಾಡುವ ಎಷ್ಟೋ ಕುಟುಂಬಗಳಿದ್ದವು. ಅವರ ಮಕ್ಕಳ ಗತಿಯೇನೆಂಬ ಕೇಳ್ವಿಗೆ ತೆರೆಯ ಮೇಲಿನ ಮುಖ ಉತ್ತರವಾಗಲಾರದು. ಕೀರ್ತಿಯ ಬಲ ಅಲ್ಲಿಯೂ ವಾದದ ಬಲವನ್ನು ಹಿಂದಿಕ್ಕಿತ್ತೆಂಬುದನ್ನು ಒಪ್ಪಲೇಬೇಕು.

ಆದರೂ ಎರಡು ಮಾತು ಉಳಿಯುತ್ತವೆ. ರಾಜಕುಮಾರರು ಕೇಳಿದ್ದು ಒಂದು ಭಾಷೆಗಾಗಿ. ಆ ಭಾಷೆಯೇ ಅವರ ಕಸುಬು. ಅಭಿಮಾನಿಗಳು ಅವರ ಕೈಯಲ್ಲಿ ಇಟ್ಟ ಗಂಟು ಕನ್ನಡದ ಮಾತಿಗೆಂದೇ ಇಟ್ಟದ್ದು, ಕನ್ನಡಕ್ಕೇ ಖರ್ಚಾಯಿತು. ಎರಡನೆಯದಾಗಿ, ಆ ಗಂಟನ್ನು ಬೇರೆಯವರು ಕೇಳಿದಾಗ ಅವರು ಕೊಡಲಿಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರ ಎದುರು ಅವರನ್ನು ನಿಲ್ಲಿಸಲು ವಿರೋಧ ಪಕ್ಷದವರು ಬಹಳ ಯತ್ನ ಮಾಡಿದರು, ಒಪ್ಪಲಿಲ್ಲ. ಗೋಕಾಕ ಚಳವಳಿಯ ಬಿಸಿ ಆರುವ ಮೊದಲೇ 1983ರ ಚುನಾವಣೆ ಬಂದಿತು, ಗುಂಡೂರಾಯರ ಸರಕಾರ ಬಿದ್ದಿತು. ಆಗಲೂ ರಾಜಕುಮಾರರು ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಇದನ್ನು ಹೆದರಿಕೆ ಎಂದವರಿದ್ದಾರೆ. ಹೆದರಿದವನು ಬೀದಿಗೆ ಇಳಿಯುತ್ತಿರಲಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಲೇಸೆ? ಆಟಗಾರರಲ್ಲಿ ಹೆಚ್ಚಿನವರು ಹಾಗೆಯೇ ಇರುತ್ತಾರೆ. ಅವರ ನೌಕರಿ ರೇಲ್ವೆಯಲ್ಲಿ ಅಥವಾ ಪೋಲೀಸಿನಲ್ಲಿ, ಅವರನ್ನು ಆರಿಸುವ ಸಂಸ್ಥೆಗಳ ಗದ್ದುಗೆಯಲ್ಲಿ ಕೂತವರು ರಾಜಕಾರಣಿಗಳು. ಮೌನಕ್ಕೂ ಒಂದು ಒಲವು ಇದ್ದೇ ಇರುತ್ತದೆ, ಗದ್ದುಗೆಯ ಕಡೆಗೆ. 2023ರಲ್ಲಿ ಕುಸ್ತಿಯ ಹೆಣ್ಣುಮಕ್ಕಳು ತಮ್ಮ ಒಕ್ಕೂಟದ ಅಧ್ಯಕ್ಷರ ವಿರುದ್ಧ ದೂರು ಹಿಡಿದು ದಿಲ್ಲಿಯಲ್ಲಿ ಧರಣಿ ಕೂತರು. ಮೇ 28ರಂದು ಪೋಲೀಸರು ಅವರನ್ನು ಎಳೆದೊಯ್ದಾಗ ಕ್ರಿಕೆಟಿನ ದೊಡ್ಡ ಹೆಸರುಗಳಲ್ಲಿ ಬಹುಪಾಲು ಸುಮ್ಮನಿದ್ದವು. ನಮ್ಮ ಅನಿಲ ಕುಂಬ್ಳೆಯವರು ಮನನೊಂದು ಎರಡು ಸಾಲು ಬರೆದರು. ಅದು ಯಾವ ಪಕ್ಷದ ಮಾತೂ ಆಗಿರಲಿಲ್ಲ. ಒಬ್ಬ ಆಟಗಾರ ಇನ್ನೊಬ್ಬರ ಪರವಾಗಿ ಆಡಿದ ಮಾತು. ಮರುವರ್ಷ ಆ ಕುಸ್ತಿಪಟುಗಳಲ್ಲಿ ಒಬ್ಬರಾದ ವಿನೇಶ್ ಫೋಗಟ್ ಕಾಂಗ್ರೆಸ್ ಸೇರಿ ಹರಿಯಾಣದ ಜುಲಾನಾದಿಂದ ಗೆದ್ದು ಶಾಸಕಿಯಾದಾಗ, ‘ನೋಡಿದಿರಾ, ಮೊದಲಿನಿಂದಲೂ ಇದೇ ಹೂಟ’ ಎಂದು ಹಲವರು ಕೈ ತಟ್ಟಿದರು. ಈ ತರ್ಕ ನನಗೆ ಹಿಡಿಸದು. ಗಾಯವಾದವನು ಮುಂದೆ ವೈದ್ಯನಾದರೆ ಗಾಯ ಸುಳ್ಳಾಗುವುದಿಲ್ಲ. ಸಾಲದುದಕ್ಕೆ, ಅಭ್ಯರ್ಥಿಯಾದ ಕ್ಷಣದಿಂದ ಜುಲಾನಾದ ಜನ ಆಕೆಯನ್ನು ನಿಲ್ಲಿಸಿ ಕೇಳಬಲ್ಲವರಾದರು.

ತಾನೇ ಕಣಕ್ಕೆ ಇಳಿದ ಆಟಗಾರರಲ್ಲಿ ಮೊದಮೊದಲಿಗನು ನಮ್ಮ ಧಾರವಾಡದಲ್ಲಿಯೇ ಹುಟ್ಟಿದವನು—ಪಲ್ವಣಕರ ಬಾಳೂ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟು ಕಿತ್ತ ಎಡಗೈ ಬೌಲರ್; ಪುಣೆಯ ಮೈದಾನದಲ್ಲಿ ಚಂಡನ್ನು ಎಲ್ಲರೂ ಅವನ ಕೈಯಿಂದ ಇಸಿದುಕೊಳ್ಳುತ್ತಿದ್ದರು, ಚಹ ಮಾತ್ರ ಅವನಿಗೆ ಬೇರೆ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವನಿಗೆ ಕೊನೆಗೂ ಸಿಗಲಿಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಹರೆಯದ ಅಂಬೇಡಕರರು ಬಾಳೂವನ್ನು ಕಂಡು ಹೆಮ್ಮೆಪಟ್ಟವರಲ್ಲಿ ಒಬ್ಬರು. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸು ಅದೇ ಬಾಳೂವನ್ನು ಅಂಬೇಡಕರರ ಎದುರು ಹೂಡಿತು. ಹೂಡಿದವರ ಲೆಕ್ಕ ಏನೇ ಇರಲಿ, ಬಾಳೂಗೆ ತನ್ನದೇ ಆದ ನಿಲುವಿತ್ತು: ಪ್ರತ್ಯೇಕ ಮತಕ್ಷೇತ್ರ ಬೇಡವೆಂದು 1932ರಲ್ಲಿಯೇ ಬಹಿರಂಗವಾಗಿ ವಾದಿಸಿದ್ದವನು ಅವನು. ಸುಮಾರು 2,000 ಮತಗಳಿಂದ ಸೋತ. ಅವನ ಚಂಡಿನ ತಿರುವನ್ನು ಕೊಂಡಾಡಿದವರಲ್ಲಿ ಎಷ್ಟೋ ಜನ ಅವನ ನಿಲುವನ್ನು ಕೇಳಿ, ತೂಗಿ, ಒಲ್ಲೆವೆಂದಿರಬೇಕು. ಇದರಲ್ಲಿ ಬಾಳೂವಿಗೆ ಅವಮಾನವಾದದ್ದೇನೂ ನನಗೆ ಕಾಣುವುದಿಲ್ಲ.

ಇನ್ನು ಹಿರೇಕೆರೂರ. ಪೋಲೀಸು ನೌಕರಿ ಬಿಟ್ಟು ಚಿತ್ರರಂಗಕ್ಕೆ ಹೋದ ಶ್ರೀ ಬಿ. ಸಿ. ಪಾಟೀಲರು 1998ರ ‘ಕೌರವ’ ಚಿತ್ರದಿಂದ ಮನೆಮಾತಾದವರು. ಆ ಹೆಸರು ಇಂದಿಗೂ ಅವರಿಗೆ ಅಂಟಿಕೊಂಡಿದೆ. 2004ರಲ್ಲಿ ಅಲ್ಲಿಂದ ಶಾಸಕರಾದರು. ಮುಂದಿನ ಕತೆಯನ್ನು ಹೊರಗಿನವರಿಗೆ ಹೇಳುವಾಗ ಕೈಬೆರಳು ಮಡಿಚಿಕೊಂಡು ಹೇಳಬೇಕು. 2013ರಲ್ಲಿ ಶ್ರೀ ಯು. ಬಿ. ಬಣಕಾರರು ಅವರನ್ನು ಸೋಲಿಸಿದರು. 2018ರಲ್ಲಿ ಕಾಂಗ್ರೆಸ್ಸಿನ ಪಾಟೀಲರು ಭಾಜಪದ ಬಣಕಾರರನ್ನು ಕೆಲವೇ ನೂರು ಮತಗಳಿಂದ ಸೋಲಿಸಿದರು. 2019ರಲ್ಲಿ ಪಾಟೀಲರು ರಾಜೀನಾಮೆಯ ಗುಂಪಿನಲ್ಲಿದ್ದು ಅನರ್ಹರಾಗಿ, ಡಿಸೆಂಬರಿನ ಉಪಚುನಾವಣೆಯಲ್ಲಿ ಭಾಜಪದಿಂದ ಮರಳಿ ಗೆದ್ದು, 2020ರಲ್ಲಿ ಕೃಷಿ ಮಂತ್ರಿಗಳಾದರು. 2023ರಲ್ಲಿ ಅವೇ ಎರಡು ಹೆಸರು ಮತ್ತೆ ಎದುರುಬದುರಾದವು. ಪಕ್ಷಗಳು ಮಾತ್ರ ಅದಲುಬದಲು—ಬಣಕಾರರು ಕಾಂಗ್ರೆಸ್ಸು, ಪಾಟೀಲರು ಭಾಜಪ. ಬಣಕಾರರು ಗೆದ್ದರು.

ಒಲವು ಎಂಬುದರ ಗಟ್ಟಿತನವನ್ನು ಅಳೆಯಲು ಹೊರಟವನಿಗೆ ಈ ಕತೆಯಲ್ಲಿ ನಗು ಬಂದೀತು. ಆದರೆ ಶಿಗ್ಗಾಂವಿಯ ಮೆರವಣಿಗೆಗಿಂತ ಹಿರೇಕೆರೂರಿನ ಈ ಏಳುಬೀಳು ನನಗೆ ಹೆಚ್ಚು ಆರೋಗ್ಯಕರವಾಗಿ ಕಾಣುತ್ತದೆ. ಇಲ್ಲಿ ನಟನಿಗೆ ಮನೆಯ ವಿಳಾಸವಿತ್ತು. ಬೀಜ ಸಿಗದಾಗ, ಗೊಬ್ಬರಕ್ಕೆ ಸರತಿ ನಿಂತಾಗ, ಗೋವಿನಜೋಳದ ದರ ಬಿದ್ದಾಗ ಅವರ ಬಾಗಿಲಿಗೆ ಹೋಗಿ ಕೇಳಬಹುದಾಗಿತ್ತು. ಉತ್ತರ ಸಾಲದೆಂದು ಕಂಡರೆ ಐದು ವರ್ಷಕ್ಕೊಮ್ಮೆ ಹೇಳುವ ದಾರಿಯೂ ಇತ್ತು. ಮೆಚ್ಚಿದಾಗ ಗೆಲ್ಲಿಸಿದರು, ಸಾಕೆನಿಸಿದಾಗ ಕೃಷಿ ಮಂತ್ರಿಯನ್ನೇ ಒಕ್ಕಲಿಗರ ತಾಲೂಕು ಮನೆಗೆ ಕಳಿಸಿತು. ಟೆಲಿವಿಷನ್ನಿನಲ್ಲಿ ‘ಕೌರವ’ ಬಂದ ರಾತ್ರಿ ಅವರೇ ಉಂಡು ಬಂದು ಕಡೆಯವರೆಗೂ ಕೂತು ನೋಡುವವರು.