ಸುಂಕದವನ ಮುಂದೆ ನಾಯಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ ಎಂಬ ಗಾದೆ ಕಟ್ಟಿದವನು ಬಹುಶಃ ಮೂಟೆ ಹೊತ್ತ ವ್ಯಾಪಾರಿ. ಸಾಕಿದ ನಾಯಿಯನ್ನು ಗೂಡಿನಲ್ಲಿಟ್ಟು ಕಡಲು ದಾಟಿಸಿಕೊಂಡು ಬಂದವರ ಸಂಕಟ ಅವನಿಗೆ ಗೊತ್ತಿರಲಿಕ್ಕಿಲ್ಲ. ಮೂಟೆಯಾದರೆ ಹಾಳಾಗಲಿ ಎಂದು ಬಿಟ್ಟು ಬರಬಹುದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶಗಳಲ್ಲಿದ್ದಾರೆ. ಊರಿಗೆ ಮರಳುವವರ ಜೊತೆ ಒಮ್ಮೊಮ್ಮೆ ನಾಯಿಯೋ ಬೆಕ್ಕೋ ಬರುತ್ತದೆ. ನಮ್ಮ ಕಸ್ಟಮ್ಸ್ ನಿಯಮ ಇದಕ್ಕೆ ಒಂದು ಅಳತೆ ಇಟ್ಟಿದೆ: ಎರಡು ವರ್ಷ ಸತತವಾಗಿ ಹೊರಗಿದ್ದು ವಾಸ ಬದಲಿಸಿಕೊಂಡು ಬರುವವರು ತಮ್ಮ ಸಾಮಾನಿನ ಲೆಕ್ಕದಲ್ಲಿ ಎರಡು ಸಾಕುಪ್ರಾಣಿಗಳನ್ನು ತರಬಹುದು. ಕೇಂದ್ರ ಪಶುಸಂಗೋಪನೆ ಇಲಾಖೆಯ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಮೊದಲೇ ಕೈಯಲ್ಲಿರಬೇಕು. ಹೊರಟ ದೇಶದ ಪಶುವೈದ್ಯರ ಆರೋಗ್ಯಪತ್ರ, ರೇಬಿಸ್ ಮೊದಲಾದ ಲಸಿಕೆಗಳ ದಾಖಲೆ ಬೇಕು. ಎಲ್ಲ ಸರಿಯಿದ್ದು, ಇಲ್ಲಿನ ವೈದ್ಯರ ಕಣ್ಣಿಗೂ ಪ್ರಾಣಿ ಗೆಲುವಾಗಿ ಕಂಡರೆ ಮನೆಗೆ. ಕಾಗದವೇ ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡ ಅಜ್ಜಿ, ‘ನಾಯಿಗೂ ಪಾಸ್‌ಪೋರ್ಟ್ ಕೇಳ್ತಾರೇನಪ್ಪ?’ ಎಂದು ನಕ್ಕರೆ ತಪ್ಪಿಲ್ಲ. ಆದರೆ ಆಕೆಯ ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರೆ ಈ ಮಾತು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹುಳುಮನೆಯ ಬಾಗಿಲಲ್ಲಿ ಆಕೆಯೇ ಸುಂಕದವಳು. ನಾಲ್ಕನೇ ಜ್ವರ ಎದ್ದು ಹುಳು ಹಣ್ಣಾಗುವ ಹೊತ್ತಿಗೆ ಒಡಹುಟ್ಟಿದ ತಮ್ಮನೇ ಬಂದರೂ ‘ಅಲ್ಲೇ ನಿಲ್ಲು, ಕಾಲು ತೊಳಕೋ’ ಎನ್ನುತ್ತಾಳೆ. ಅದು ತಮ್ಮನ ಮೇಲಿನ ಅನುಮಾನವಲ್ಲ. ಅವನ ಕಾಲಿಗೆ ಅಂಟಿಕೊಂಡು ಬಂದಿರಬಹುದಾದದ್ದು ಅವನಿಗೇ ಗೊತ್ತಿರುವುದಿಲ್ಲ. ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದ ಮಾಗಡಿ ಸೀಮೆಯ ರೈತರಿಗೆ ಇನ್ನೂ ಒಂದು ವಿಷಯ ಗೊತ್ತು: ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳಿಗೆ ಉಳಿವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆ ಮುಳುಗಿಹೋಗುತ್ತಿದ್ದಾಗ ಲೂಯಿ ಪಾಶ್ಚರ್ ಹೇಳಿಕೊಟ್ಟ ಉಪಾಯ ಅದು.

ಪ್ರೀತಿ ಇರುವ ಕಡೆ ಕಣ್ಣು ಸ್ವಲ್ಪ ಮಂದ. ನಮ್ಮ ನಾಯಿಗೆ ಏನಾಗಿದೆ, ಎಷ್ಟು ಚೆನ್ನಾಗಿ ಓಡಾಡುತ್ತಿದೆ ಎಂದೇ ನಮಗೆ ಅನ್ನಿಸುತ್ತದೆ. ಗೇಟಿನಲ್ಲಿ ನಿಂತ ಅಧಿಕಾರಿಗೆ ಆ ಪ್ರೀತಿ ಇಲ್ಲ, ಅದಕ್ಕೇ ಅವನು ಬೇಕು. ನಾವು ಅವನ ಮುಂದೆ ನಮ್ಮ ಒಂದು ಜೀವದ ಪರವಾಗಿ ನಿಂತಿರುತ್ತೇವೆ. ಬೆಳಗಿನ ಜಾವ ವಿಮಾನ ಇಳಿಯುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಕ್ಯಾನು ಹಿಡಿದು ಡೇರಿಗೆ ಹೊರಟವರಿದ್ದಾರೆ. ಅವರ ಕೊಟ್ಟಿಗೆಯ ಹಸು, ಕುರಿದೊಡ್ಡಿಯ ಮರಿ, ಇವೆಲ್ಲದರ ಪರವಾಗಿ ಅಲ್ಲಿ ನಿಂತವನು ಅವನೊಬ್ಬನೇ.

ಇಂಥ ತಪಾಸಣೆಗೆ ಇಡೀ ಜಗತ್ತು ಒಂದಾದ ಕಥೆಯಲ್ಲಿ ನಮ್ಮ ದೇಶದ ದನಗಳಿರುವುದು ಬಹಳ ಜನಕ್ಕೆ ಗೊತ್ತಿಲ್ಲ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ಗೂಳಿದನಗಳ ಹಡಗು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿತು. ಆ ದನಗಳೊಂದಿಗೆ ದೊಡ್ಡರೋಗವೂ ಇಳಿಯಿತು, ಬೆಲ್ಜಿಯಂನ ದನಗಳು ಸಾಯತೊಡಗಿದವು. ಆ ಪೆಟ್ಟು ತಿಂದ ಮೇಲೆಯೇ 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್ಸಿನಲ್ಲಿ ಪ್ರಾಣಿರೋಗಗಳ ಅಂತರರಾಷ್ಟ್ರೀಯ ಕಚೇರಿ ಕಟ್ಟಿದವು. ಮರುವರ್ಷ ಬೆಂಗಳೂರಿನಲ್ಲಿ ಮೈಸೂರು ಸೀರಮ್ ಸಂಸ್ಥೆ ಹುಟ್ಟಿದ್ದೂ ಅದೇ ದೊಡ್ಡರೋಗದ ದೆಸೆಯಿಂದ. ಭೂಮಿಯಿಂದ ಆ ರೋಗ ತೊಲಗಿತೆಂದು ಸಾರಲು 2011 ಬರಬೇಕಾಯಿತು. ಈಚೆಗೆ, 2022ರಲ್ಲಿ, ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ದನಗಳ ಜಾತ್ರೆಗೇ ತಡೆ ಬಿತ್ತು. ಸಂಕ್ರಾಂತಿಗೆ ಕೆಂಗಲ್ಲಿನ ಅಯ್ಯನಗುಡಿ ಜಾತ್ರೆಗೆಂದು ಜೋಡಿ ಮೇಯಿಸಿ, ಕೊಂಬು ಹೆರೆದು ಕಾಯುವ ರೈತನಿಗೆ ಗಡಿ ಎಂಬುದು ಹೀಗೆ ಊರ ಮುಂದೆಯೇ ಬಂದು ನಿಲ್ಲುತ್ತದೆ.

ತಪ್ಪಿಸಿಕೊಂಡು ದಾಟುವ ಆಸೆ ದೊಡ್ಡವರಿಗೂ ತಪ್ಪಿದ್ದಲ್ಲ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿ ಪಿಸ್ಟಲ್, ಬೂ ಎಂಬ ಎರಡು ಪುಟ್ಟ ನಾಯಿಗಳನ್ನು ಖಾಸಗಿ ವಿಮಾನದಲ್ಲಿ, ಹೇಳದೆ ಕೇಳದೆ ಆಸ್ಟ್ರೇಲಿಯಾಕ್ಕೆ ತಂದರು. ಮರುವರ್ಷ ಕೋರ್ಟಿನಲ್ಲಿ ಅವರ ಪತ್ನಿ ತಪ್ಪೊಪ್ಪಿಕೊಂಡರು, ಇಬ್ಬರೂ ಕ್ಷಮೆ ಕೇಳುವ ವಿಡಿಯೊ ಮಾಡಬೇಕಾಯಿತು. ನಮ್ಮ ಧರ್ಮರಾಯನೂ ನಾಯಿಯೊಂದಿಗೇ ಗಡಿಗೆ ಬಂದವನು. ಸ್ವರ್ಗದ ಬಾಗಿಲಲ್ಲಿ ಇಂದ್ರ ‘ನಾಯಿಗೆ ಪ್ರವೇಶವಿಲ್ಲ’ ಎಂದಾಗ ಅವನು ಅದನ್ನು ಉತ್ತರೀಯದೊಳಗೆ ಮುಚ್ಚಿಟ್ಟುಕೊಳ್ಳಲಿಲ್ಲ. ಎದುರಿಗೇ ನಿಂತು ವಾದಿಸಿದ, ಒಪ್ಪದಿದ್ದರೆ ನಾನೂ ಒಳಗೆ ಬರುವುದಿಲ್ಲ ಎಂದ. ನನಗೆ ಅವನ ಕರುಣೆಯಷ್ಟೇ ಈ ಮುಚ್ಚುಮರೆಯಿಲ್ಲದ ನಿಲುವೂ ದೊಡ್ಡದಾಗಿ ಕಾಣುತ್ತದೆ.

ಇನ್ನು ಇಲ್ಲಿಂದ ನಾಯಿಯನ್ನು ಹೊರಗೆ ಕೊಂಡೊಯ್ಯುವವರ ಪಾಡು ನೋಡಿ. ಯುರೋಪಿಗೆ ಹೋಗಬೇಕಾದರೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ, ರಕ್ತ ತೆಗೆದ ಮೇಲೆ ಮತ್ತೆ ಮೂರು ತಿಂಗಳ ಕಾಯುವಿಕೆ. ಅಮೆರಿಕವೂ ಭಾರತವನ್ನು ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿಟ್ಟಿದೆ. ಇದನ್ನು ಅವಮಾನ ಎಂದುಕೊಂಡು ಕೋಪಿಸಿಕೊಳ್ಳುವವರನ್ನು ಕಂಡಿದ್ದೇನೆ. ಜಗತ್ತಿನ ರೇಬಿಸ್ ಸಾವುಗಳಲ್ಲಿ ಸುಮಾರು ಶೇ. 36 ಭಾರತದಲ್ಲೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೋಪಕ್ಕೆ ಅಲ್ಲಿ ಜಾಗ ಕಡಿಮೆ.

ಹಾಗೆ ನೋಡಿದರೆ ಕಾಗದಪತ್ರ ಸಮೇತ ಬಂದಿಳಿದ ಆ ಪರದೇಶದ ನಾಯಿಯಿಂದ ನಮ್ಮೂರಿಗಿರುವ ಅಪಾಯಕ್ಕಿಂತ ನಮ್ಮೂರಿನಿಂದ ಅದಕ್ಕಿರುವ ಅಪಾಯವೇ ಹೆಚ್ಚು. ಕಾರಿನಿಂದ ಇಳಿದೊಡನೆ ಅದನ್ನು ಮೊದಲು ಮೂಸಿ ನೋಡಲು ಬರುವವನು ಅಜ್ಜಿ ಅನ್ನ ಹಾಕಿ ಸಾಕಿದ ಬೀದಿಯ ಕರಿಯ. ಅವನಿಗೆ ಸೂಜಿ ಹಾಕಿಸಿದ್ದು ಯಾವಾಗ ಎಂದು ಕೇಳಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊಮ್ಮಗ ಟಿಕೆಟ್ ತೆಗೆಸುವ ವಾರವೇ ಯಾರಾದರೂ ಕರಿಯನ ಕೊರಳಿಗೆ ಹಗ್ಗ ಹಾಕಿ, ತಾಲ್ಲೂಕಿನ ಪಶು ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ ಬರಬಹುದು.