ತನ್ನ ಕೈ ಮಾಡದ ತಪ್ಪಿಗೆ ಹೊಣೆ ಯಾರು?

"ಪ್ರೊಟೆಸ್ಟೆಂಟ್ ಬಂಧುಗಳಿಗೂ ಒಬ್ಬ ಪೋಪ್ ಇದ್ದಾರೆಯೇ?" ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರ ಹೆಸರು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನಮ್ಮವರಲ್ಲಿ ಕೆಲವರು ಹೀಗೆ ಕೇಳುವುದುಂಟು. ಇಲ್ಲ ಎಂಬುದೇ ಉತ್ತರ. ಅವರು ಇಂಗ್ಲೆಂಡಿನ ಸಭೆಯ ಅತಿ ಹಿರಿಯ ಧರ್ಮಾಧ್ಯಕ್ಷರು. ಜಗತ್ತಿನ ಆಂಗ್ಲಿಕನ್ ಸಭೆಗಳ ನಡುವೆ ಸಮಾನರಲ್ಲಿ ಮೊದಲಿಗರು, ಅಷ್ಟೇ. ದಕ್ಷಿಣ ಭಾರತದಲ್ಲಿ 1947ರಲ್ಲಿ ಹಲವು ಸಭೆಗಳು ಕೂಡಿ ಹುಟ್ಟಿದ ಸಿ.ಎಸ್.ಐ. ಕೂಡ ಆ ಬಳಗಕ್ಕೆ ಸೇರಿದೆ. ಆದರೂ ನಮ್ಮೂರಿನ ಸಿ.ಎಸ್.ಐ. ದೇವಾಲಯಕ್ಕೆ ಯಾವ ಪಾದ್ರಿ ಬರಬೇಕೆಂದು ಹೇಳುವ ಅಧಿಕಾರ ಕ್ಯಾಂಟರ್ಬರಿಗೆ ಇಲ್ಲ. 1867ರಿಂದ ಸುಮಾರು ಹತ್ತು ವರ್ಷಗಳಿಗೊಮ್ಮೆ ಲ್ಯಾಂಬೆತ್ ಸಮ್ಮೇಳನಕ್ಕೆ ಅವರು ಎಲ್ಲ ದೇಶಗಳ ಧರ್ಮಾಧ್ಯಕ್ಷರನ್ನು ಕರೆಯುತ್ತಾ ಬಂದಿದ್ದಾರೆ. ಕರೆಯಬಹುದು, ಬರಲೇಬೇಕೆಂದು ಕಟ್ಟಪ್ಪಣೆ ಮಾಡುವಂತಿಲ್ಲ. ಬೀಗದ ಕೈ ಸೊಸೆಯ ಸೊಂಟಕ್ಕೆ ಹೋದ ಮೇಲೂ ಮದುವೆಯ ಮಾತುಕತೆಗೆ ಮುಂದೆ ಕೂರಿಸಿಕೊಳ್ಳುವ ಅಜ್ಜಿಯ ಸ್ಥಾನದಂತೆ ಅದು.

ಆಜ್ಞೆ ಮಾಡಲಾಗದವರು ಯಾವುದಕ್ಕೆ ಹೊಣೆಯಾಗಬೇಕು? ತಮ್ಮ ಕೈಯಾರೆ ಮಾಡದ ತಪ್ಪಿಗೂ ತಲೆ ಬಾಗಬೇಕೇ? ಈ ಪ್ರಶ್ನೆಗೆ ಕ್ಯಾಂಟರ್ಬರಿಯಷ್ಟು ಹಳೆಯ ನಂಟುಳ್ಳ ಪೀಠಗಳು ವಿರಳ.

ಆ ಪೀಠವನ್ನು ಸ್ಥಾಪಿಸಿದ್ದು ರೋಮಿನಿಂದ ಹೋದವರು ಎಂಬುದನ್ನು ನಾವು ಮರೆಯುತ್ತೇವೆ. ಜಗದ್ಗುರು ಮಹಾ ಗ್ರೆಗೋರಿಯವರು ಕಳುಹಿಸಿದ ಅಗಸ್ಟೀನ್ ಎಂಬ ಸನ್ಯಾಸಿ 597ರಲ್ಲಿ ಕೆಂಟ್ ಸೀಮೆಗೆ ಬಂದಿಳಿದರು. (ಹಿಪ್ಪೋ ನಗರದ ಸಂತ ಅಗಸ್ಟೀನರು ಬೇರೆ, ಇವರು ಬೇರೆ.) ಅಲ್ಲಿನ ರಾಣಿ ಬರ್ಥಾ ಅದಕ್ಕೂ ಮೊದಲೇ ಕ್ರೈಸ್ತಳು, ಅರಸನ ಮನಸ್ಸು ತಿರುಗಿದ್ದರಲ್ಲಿ ಅರಮನೆಯ ಆ ಹೆಣ್ಣುಮಗಳ ಪ್ರಾರ್ಥನೆಗೂ ಪಾಲಿತ್ತೆಂದರೆ ತಪ್ಪಾಗದು. 1558ರಲ್ಲಿ ತೀರಿಕೊಂಡ ಕಾರ್ಡಿನಲ್ ರೆಜಿನಾಲ್ಡ್ ಪೋಲ್ ಆ ಪೀಠದ ಕೊನೆಯ ಕಥೋಲಿಕ ಮಹಾಧರ್ಮಾಧ್ಯಕ್ಷರು. ಆದ್ದರಿಂದ ಆ ಮನೆಯ ಹಳೆಯ ಕಥೆ ನಮ್ಮ ಮನೆಯ ಕಥೆಯೂ ಹೌದು.

ಅದರಲ್ಲಿ ಎಲ್ಲರೂ ಬಲ್ಲದ್ದು ಸಂತ ಥಾಮಸ್ ಬೆಕೆಟರ ಕಥೆ. ಅರಸ ಎರಡನೆಯ ಹೆನ್ರಿಯ ಆಪ್ತ ಮಂತ್ರಿಯಾಗಿದ್ದವರು 1162ರಲ್ಲಿ ಮಹಾಧರ್ಮಾಧ್ಯಕ್ಷರಾದರು. ಅಪರಾಧ ಮಾಡಿದ ಗುರುಗಳಿಗೂ ಅರಸನ ನ್ಯಾಯಾಲಯದ ಶಿಕ್ಷೆ ತಪ್ಪಬಾರದು ಎಂದು ಹೆನ್ರಿ ಪಟ್ಟು ಹಿಡಿದ. ಧರ್ಮಸಭೆಯವರನ್ನು ಧರ್ಮಸಭೆಯೇ ವಿಚಾರಿಸಬೇಕು ಎಂದು ಬೆಕೆಟರು ನಿಂತರು. ಆರು ವರ್ಷ ಫ್ರಾನ್ಸಿನಲ್ಲಿ ದೇಶಭ್ರಷ್ಟರಾಗಿದ್ದು ಹಿಂತಿರುಗಿದ ಕೆಲವೇ ವಾರಗಳಲ್ಲಿ, 1170ರ ಡಿಸೆಂಬರ್ 29ರಂದು, ನಾಲ್ವರು ಸರದಾರರು ಅವರನ್ನು ಪ್ರಧಾನಾಲಯದೊಳಗೇ ಕಡಿದು ಕೊಂದರು.

ಅರಸ ಆಗ ಸಮುದ್ರದಾಚೆ ನಾರ್ಮಂಡಿಯಲ್ಲಿದ್ದ. ಕೊಲ್ಲಿರೆಂದು ನೇರ ಆಜ್ಞೆ ಕೊಟ್ಟಿರಲಿಲ್ಲ. ಸಿಟ್ಟಿನಲ್ಲಿ ಆಡಿದ ಮಾತನ್ನು ಆ ನಾಲ್ವರು ಅಪ್ಪಣೆಯೆಂದೇ ತಿಳಿದರು. "ನಾನು ಹಾಗೆ ಹೇಳಲಿಲ್ಲ" ಎಂದು ಅವನು ಕೈ ತೊಳೆದುಕೊಳ್ಳಬಹುದಿತ್ತು. ಆದರೆ 1174ರ ಜುಲೈನಲ್ಲಿ ಬರಿಗಾಲಲ್ಲಿ ಕ್ಯಾಂಟರ್ಬರಿಗೆ ನಡೆದು, ಸನ್ಯಾಸಿಗಳಿಂದ ಛಡಿಯೇಟು ತಿಂದು, ಇಡೀ ರಾತ್ರಿ ಸಮಾಧಿಯ ಬಳಿ ಕಳೆದ. ಆಗ ಅವನ ಮಕ್ಕಳೇ ಅವನ ಮೇಲೆ ದಂಗೆ ಎದ್ದಿದ್ದರು; ಪ್ರಾಯಶ್ಚಿತ್ತದಲ್ಲಿ ರಾಜಕೀಯವೂ ಬೆರೆತಿತ್ತೆನ್ನಿ. ಆದರೂ ಬೆನ್ನಿಗೆ ಬಿದ್ದ ಏಟು ಏಟೇ.

ಇದೇ ಪೀಠದಲ್ಲಿ ಕೂತಿದ್ದ ಜಸ್ಟಿನ್ ವೆಲ್ಬಿ 2019ರ ಸೆಪ್ಟೆಂಬರಿನಲ್ಲಿ ಅಮೃತಸರಕ್ಕೆ ಬಂದಿದ್ದರು. 1919ರ ಏಪ್ರಿಲ್ 13ರಂದು ಜನರಲ್ ಡಯರ್ ಗುಂಡು ಹಾರಿಸಿದ ಜಲಿಯನ್‌ವಾಲಾ ಬಾಗ್‌ನಲ್ಲಿ ಅವರು ನೆಲದ ಮೇಲೆ ಉದ್ದಕ್ಕೆ ಬೋರಲಾಗಿ ಮಲಗಿ ಪ್ರಾರ್ಥಿಸಿದರು. ಬ್ರಿಟಿಷ್ ಸರ್ಕಾರದ ಪರವಾಗಿ ಮಾತನಾಡುವ ಅಧಿಕಾರ ತಮಗಿಲ್ಲವೆಂದು ಒಪ್ಪಿಕೊಂಡೇ, ಆ ಪಾತಕಕ್ಕಾಗಿ ತಮಗೆ ನಾಚಿಕೆಯೂ ದುಃಖವೂ ಆಗಿದೆ ಎಂದರು. ಅವರು ಹುಟ್ಟಿದ್ದು 1956ರಲ್ಲಿ. ಡಯರ್ ಮಾಡಿದ್ದಕ್ಕೆ ಇವರ ಕ್ಷಮೆ ಯಾಕೆ ಎಂದು ಕೇಳಬಹುದು. ನನಗಂತೂ ಅದು ನಾಟಕವೆನಿಸಲಿಲ್ಲ. ತಾತ ಬಿಟ್ಟುಹೋದ ಗದ್ದೆಯನ್ನು ಉಣ್ಣುವವನು ತಾತನ ಸಾಲದ ಪತ್ರವನ್ನೂ ತೆರೆದು ನೋಡಬೇಕು ಎನ್ನುವುದು ನಮ್ಮ ಹಳ್ಳಿಯವರಿಗೂ ತಿಳಿದ ನ್ಯಾಯ.

ಆದರೆ ಹಿಂದಿನವರ ಪಾಪಕ್ಕೆ ಮಣಿಯುವುದಕ್ಕಿಂತ ಕಷ್ಟವಾದದ್ದೊಂದು ಅವರಿಗೆ ಕಾದಿತ್ತು. ಜಾನ್ ಸ್ಮೈತ್ ಎಂಬ ವಕೀಲ, ಕ್ರೈಸ್ತ ಯುವಶಿಬಿರಗಳ ನೆಪದಲ್ಲಿ ಪರಿಚಯ ಮಾಡಿಕೊಂಡು, ಇಂಗ್ಲೆಂಡಿನಲ್ಲೂ ಆಮೇಲೆ ಆಫ್ರಿಕಾದಲ್ಲೂ ನೂರಕ್ಕೂ ಹೆಚ್ಚು ಹುಡುಗರನ್ನೂ ಯುವಕರನ್ನೂ ಕ್ರೂರವಾಗಿ ಹಿಂಸಿಸಿದ್ದ. ಈ ವಿಷಯ 2013ರಲ್ಲಿ ಮಹಾಧರ್ಮಾಧ್ಯಕ್ಷರಿಗೆ ತಿಳಿದಿತ್ತು. ಪೊಲೀಸರಿಗೆ ಸುದ್ದಿ ಮುಟ್ಟಿದೆಯೆಂದು ಇತರರು ಹೇಳಿದ್ದನ್ನು ತಾವು ನಂಬಿದ್ದಾಗಿ ವೆಲ್ಬಿಯವರ ವಿವರಣೆ. ಸ್ಮೈತ್ 2018ರಲ್ಲಿ ವಿಚಾರಣೆಯಿಲ್ಲದೆಯೇ ಸತ್ತ. 2024ರ ನವೆಂಬರ್ 7ರಂದು ಹೊರಬಂದ ಸ್ವತಂತ್ರ ವರದಿ, ವೆಲ್ಬಿ ಇನ್ನೂ ಹೆಚ್ಚಿನದನ್ನು ಮಾಡಬಹುದಿತ್ತು, ಮಾಡಬೇಕಿತ್ತು ಎಂದಿತು. ರಾಜೀನಾಮೆ ಕೊಡುವುದಿಲ್ಲ ಎಂದು ಮೊದಲು ಹೇಳಿದವರು ಐದು ದಿನಗಳ ನಂತರ ಕೊಟ್ಟರು. ಡಿಸೆಂಬರಿನಲ್ಲಿ ಪ್ರಭುಗಳ ಸಭೆಯಲ್ಲಿ ಮಾಡಿದ ಬೀಳ್ಕೊಡುಗೆ ಭಾಷಣದಲ್ಲಿ ಚಟಾಕಿ ಹಾರಿಸಿ, ನೊಂದವರನ್ನು ಮತ್ತೆ ನೋಯಿಸಿ, ಮರುದಿನ ಅದಕ್ಕೂ ಕ್ಷಮೆ ಕೇಳಬೇಕಾಯಿತು. ನೂರು ವರ್ಷದ ಹಿಂದಿನ ರಕ್ತದ ಮುಂದೆ ನೆಲಕ್ಕೆ ಮಲಗಲು ಬಲ್ಲವರಿಗೂ ತಮ್ಮದೇ ಕಡತದ ಮುಂದೆ ಬಾಗುವುದು ಸುಲಭವಾಗಲಿಲ್ಲ.

ಇದನ್ನು ನೆರೆಮನೆಯ ಸುದ್ದಿಯೆಂದು ಓದಿ ಪತ್ರಿಕೆ ಮಡಚಿಡುವಂತಿಲ್ಲ. ಇಂಥ ಕಡತಗಳು ನಮ್ಮ ಧರ್ಮಸಭೆಯಲ್ಲೂ ಹಲವು ದೇಶಗಳಲ್ಲಿ ತೆರೆದಿವೆ. ಅರಸನ ದರ್ಪದೆದುರು ಬೆಕೆಟರ ನಿಲುವು ಧೀರವಾದುದೇ. ಆದರೆ "ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ" ಎಂಬ ಮಾತು ಎಂಟು ಶತಮಾನಗಳ ನಂತರ ಎಷ್ಟು ಮಕ್ಕಳ ಬಾಯಿ ಮುಚ್ಚಿಸಿತು ಎಂಬುದನ್ನು ಕಂಡ ಮೇಲೆ, ಆ ಸಂತರ ಕಥೆಯನ್ನು ನಾವು ಮೊದಲಿನ ನೆಮ್ಮದಿಯಿಂದ ಹೇಳಲಾರೆವು.

ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ್ದಕ್ಕೆ ಮಾತ್ರವಲ್ಲ, ಮಾಡದೆ ಬಿಟ್ಟದ್ದಕ್ಕೂ ಎದೆ ತಟ್ಟಿಕೊಂಡು ಕ್ಷಮೆ ಬೇಡುತ್ತೇವೆ. ಆ ಎರಡನೆಯ ಭಾಗ ನಾಲಿಗೆಯ ಮೇಲೆ ಬೇಗ ಜಾರಿಹೋಗುತ್ತದೆ. ಮನೆಗೆ ಬಂದುಹೋಗುವ ನೆಂಟನೊಬ್ಬನ ನಡತೆಯ ಬಗ್ಗೆ ಮಗಳು ಅರ್ಧ ಮಾತು ಹೇಳಿದಾಗ, "ಅವಳಮ್ಮ ವಿಚಾರಿಸಿಕೊಳ್ಳುತ್ತಾಳೆ" ಎಂದು ಅಪ್ಪ ಟಿ.ವಿ.ಯತ್ತ ತಿರುಗಿದರೆ ಅವನು ಯಾವ ತಪ್ಪನ್ನೂ ಮಾಡಿದಂತಲ್ಲ. ಮಾಡಬೇಕಾದುದನ್ನು ಬಿಟ್ಟ, ಅಷ್ಟೇ. ಆದರೆ ಮಗಳು ಉಳಿದರ್ಧವನ್ನು ಮತ್ತೆಂದೂ ಹೇಳದಿರಬಹುದು. ಎಲ್ಲ ತಪ್ಪಿಗೂ ಎಲ್ಲರೂ ಹೊಣೆ ಎನ್ನುವುದೂ ಸರಿಯಲ್ಲ. ಹಾಗೆಂದರೆ ಕೊನೆಗೆ ಯಾರೂ ಹೊಣೆಯಾಗುವುದಿಲ್ಲ. ಯಾರ ಕಿವಿಗೆ ಮಾತು ಬಿತ್ತೋ, ಯಾರ ಒಂದು ಮಾತಿಗೆ ಬೆಲೆ ಇತ್ತೋ, ಅವರಿಗೆ ಅಷ್ಟರಮಟ್ಟಿಗೆ ಹೊಣೆ. ಕ್ಯಾಂಟರ್ಬರಿಯ ಪೀಠಕ್ಕೆ ಆಜ್ಞೆಯ ಬಲ ಕಡಿಮೆ, ಮಾತಿನ ಬೆಲೆ ಬಹಳ. ಅಲ್ಲಿ ಕೂತವರು ಮಾಡಿದ ಒಂದು ಫೋನು ಕರೆಯನ್ನು ಯಾವ ಪೊಲೀಸ್ ಅಧಿಕಾರಿ ತಳ್ಳಿಹಾಕುತ್ತಿದ್ದ?

ವೆಲ್ಬಿಯವರ ನಂತರ ಆ ಪೀಠಕ್ಕೆ ಸಾರಾ ಮುಲಾಲಿಯವರ ಹೆಸರು 2025ರ ಅಕ್ಟೋಬರ್ 3ರಂದು ಪ್ರಕಟವಾಯಿತು. ಸುಮಾರು 1,400 ವರ್ಷಗಳಲ್ಲಿ ಈ ಸ್ಥಾನಕ್ಕೆ ಆಯ್ಕೆಯಾದ ಮೊದಲ ಮಹಿಳೆ. ಸ್ತ್ರೀಯರ ಗುರುದೀಕ್ಷೆಯ ಬಗ್ಗೆ ನಮ್ಮ ಧರ್ಮಸಭೆಯ ನಿಲುವು ಬೇರೆ, ಅದು ಇಲ್ಲಿನ ವಿಷಯವಲ್ಲ. ನನ್ನ ಗಮನ ಸೆಳೆದದ್ದು ಅವರ ಹಿಂದಿನ ಉದ್ಯೋಗ. ಅವರು ಕ್ಯಾನ್ಸರ್ ರೋಗಿಗಳನ್ನು ನೋಡಿಕೊಂಡ ದಾದಿ. ಮುಂದೆ ಇಂಗ್ಲೆಂಡಿನ ಸರ್ಕಾರದ ಮುಖ್ಯ ಶುಶ್ರೂಷಾಧಿಕಾರಿಯೂ ಆಗಿದ್ದವರು. ರಾತ್ರಿಪಾಳಿಯಲ್ಲಿ ಕಿರಿಯಳೊಬ್ಬಳು ತಪ್ಪು ಔಷಧ ಕೊಟ್ಟರೆ, ಬೆಳಗಾಗುವ ಮೊದಲು ಅದನ್ನು ವೈದ್ಯರಿಗೂ ರೋಗಿಯ ಮನೆಯವರಿಗೂ ತಿಳಿಸಬೇಕಾದವಳು ವಾರ್ಡಿನ ಹಿರಿಯ ದಾದಿ. ಆ ಔಷಧವನ್ನು ಅವಳು ಕೈಯಲ್ಲಿ ಮುಟ್ಟಿರುವುದಿಲ್ಲ.